ಠಾಣೆ, ಜೈಲಿನಲ್ಲಿರುವ ನಮ್ಮವರನ್ನು ಕಾಣುವ ಬಗ್ಗೆ

ಗುಂಪಿನ ಎಲ್ಲರಿಗೂ ನಮಸ್ಕಾರ. ದಯವಿಟ್ಟು ಪೂರ್ತಿ ಓದಿ.

ಕಳೆದ ವಾರ ನಮ್ಮ ಪಕ್ಕದ ಮನೆಯ ಹುಡುಗನನ್ನು ಠಾಣೆಗೆ ಕರೆದುಕೊಂಡು ಹೋದರು. ಮನೆಗೆ ಒಂದು ಫೋನ್ ಕೂಡ ಬರಲಿಲ್ಲ, ಅವನ ಅಮ್ಮ ರಾತ್ರಿ ಹತ್ತರವರೆಗೆ ಗೇಟಿನ ಹೊರಗೆ ನಿಂತಿದ್ದರು, ಕೈಗೆ ಕೊಟ್ಟ ಕಾಗದ ಮಲಯಾಳದಲ್ಲಿತ್ತು, ಅವರಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ನನಗೆ ತುಂಬಾ ಸಂಕಟವಾಯಿತು.

ಬಂಧಿಸಿದರೆ ಆ ವಿಷಯವನ್ನು, ಎಲ್ಲಿ ಇಟ್ಟಿದ್ದಾರೆ ಎನ್ನುವುದನ್ನೂ, ಬಂಧಿತರು ಹೇಳಿದ ಸಂಬಂಧಿಕರಿಗೋ ಸ್ನೇಹಿತರಿಗೋ ಪೊಲೀಸರು ತಿಳಿಸಲೇಬೇಕು. ಇದು ಉಪಕಾರ ಅಲ್ಲ, ಬಂಧನ, ತನಿಖೆ ಹೇಗೆ ನಡೆಯಬೇಕು ಎಂದು ಹೇಳುವ ಹೊಸ ಕಾನೂನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 48ನೇ ಕಲಮು. ಪೊಲೀಸರು ವಿಚಾರಣೆ ಮಾಡುವಾಗ ವಕೀಲರನ್ನು ಕಾಣಬಹುದು, ಇಡೀ ಹೊತ್ತು ಪಕ್ಕದಲ್ಲಿ ಕೂರಿಸಿಕೊಳ್ಳಲು ಆಗುವುದಿಲ್ಲ ಅಷ್ಟೇ. ದಾರಿಯ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರು ಮಾಡಬೇಕು.

ಬಂಧನದ ಕಾರಣವನ್ನು ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಕೇರಳದ ಕಾಸರಗೋಡಿನಲ್ಲಿ ಕನ್ನಡ ಮಾತಾಡುವ ನಮಗೆ ಇದಕ್ಕಿಂತ ದೊಡ್ಡ ವಿಷಯ ಬೇರೆ ಇಲ್ಲ, ಅಲ್ವಾ? ಕನ್ನಡದಲ್ಲಿ ಕೊಡಿ ಎಂದು ಕೇಳಿ, ಹೆದರಬೇಡಿ.

ಜೈಲಿಗೆ ಕಳಿಸಿದ ಮೇಲೂ ಮನೆಯವರನ್ನು, ವಕೀಲರನ್ನು ಕಾಣುವ ಹಕ್ಕು ಹೋಗುವುದಿಲ್ಲ. 1981ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಬದುಕುವ ಹಕ್ಕಿನ ಭಾಗ ಎಂದಿದೆ. ಗುರುತಿನ ಚೀಟಿ ಮರೆಯಬೇಡಿ. ಭೇಟಿಯ ದಿನ, ಹೊತ್ತು ಮೊದಲೇ ಕೇಳಿಕೊಳ್ಳಿ, ಸುಮ್ನೆ ಮಂಜೇಶ್ವರದಿಂದ ಹೊಸದುರ್ಗದ ಜೈಲಿನವರೆಗೆ ಬಸ್ಸಲ್ಲಿ ಹೋಗಿ ವಾಪಸ್ ಬರುವುದು ಬೇಡ. ದೂರ ಇರುವವರಿಗೆ ಇ-ಮುಲಾಖಾತ್ ಅಂತ ವಿಡಿಯೋ ಭೇಟಿಯ ವ್ಯವಸ್ಥೆಯೂ ಇದೆ.

ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಬಂಧನದಲ್ಲಿರುವವರಿಗೆ ಕಾನೂನು ನೆರವು ಉಚಿತ. ಮಲಯಾಳ ಕಾಗದ ಓದಿ ಹೇಳಲು ಯಾರಾದರೂ ಬೇಕಿದ್ದರೆ ರಾತ್ರಿಯಾದರೂ ನನಗೆ ಕರೆ ಮಾಡಿ, ನಾನು ಬರುತ್ತೇನೆ.