ವೈಪರ್ ಬ್ಲೇಡಿಗೂ ಸರ್ವಿಸ್ ಸೆಂಟರ್ ಬೇಕೆ?

ಮಾನ್ಯ ಸಂಪಾದಕರೇ,

ಮಳೆಗಾಲಕ್ಕೆ ಮುಂಚೆ ಕಾರನ್ನು ಹೇಗೆ ಸಜ್ಜು ಮಾಡಿಕೊಳ್ಳಬೇಕು ಎಂಬ ನಿಮ್ಮ ಪುರವಣಿಯ ಲೇಖನ ಓದಿದೆ. ಟೈರು, ಬ್ರೇಕು, ಬ್ಯಾಟರಿಗೆಲ್ಲ ಒಂದೊಂದು ಪ್ಯಾರಾ ಕೊಟ್ಟ ಲೇಖಕರು ವೈಪರ್‌ಗೆ ಬರುವ ಹೊತ್ತಿಗೆ ‘ಬ್ಲೇಡ್ ಸವೆದಿದ್ದರೆ ಸರ್ವಿಸ್ ಸೆಂಟರ್‌ನಲ್ಲಿ ಬದಲಿಸಿಕೊಳ್ಳಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಆ ಸಾಲಿನ ಬಗ್ಗೆ ನನ್ನ ತಕರಾರು. ಬಹುಪಾಲು ಕಾರುಗಳಲ್ಲಿ ಅದು ಸ್ಪಾನರ್ ಕೂಡ ಬೇಡದ ಕೆಲಸ. ಕಾರು ಓಡಿಸಲು ಬರುವವರಿಗೆಲ್ಲ ಬರಬೇಕಾದ ಕೆಲಸ.

ನಾನು ಕಾರು ಕಲಿಸುವವಳು. ನನ್ನ ಜಾಗ ಯಾವಾಗಲೂ ಡ್ರೈವರ್ ಪಕ್ಕದ ಸೀಟು. ಹಾಗಾಗಿ ಕಾರಿನ ಯಜಮಾನರು ತಿರುಗಿಯೂ ನೋಡದ ಎರಡನೇ ವೈಪರ್‌ನ ಅವಸ್ಥೆ ನನಗೆ ಚೆನ್ನಾಗಿ ಗೊತ್ತು. ತಮ್ಮ ಕಣ್ಣೆದುರಿನ ಬ್ಲೇಡನ್ನು ಮಾತ್ರ ಹೊಸದು ಹಾಕಿಸಿ, ಪಕ್ಕದ್ದನ್ನು ಹರಿದ ರಬ್ಬರ್ ಸಮೇತ ಹಾಗೇ ಬಿಟ್ಟಿರುತ್ತಾರೆ. ಪಾದಚಾರಿಗಳು, ಸೈಕಲ್‌ನವರು ಆ ಕಡೆಯಿಂದ ಬರುವುದೇ ಇಲ್ಲವೇನೋ! ಬದಲಿಸುವುದಾದರೆ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಎರಡೂ ಅದೇ ಬಿಸಿಲು, ಅದೇ ದೂಳು ಕಂಡಿರುತ್ತವೆ.

ಬದಲಿಸುವ ಮೊದಲು, ಕೆಟ್ಟಿರುವುದು ನಿಜಕ್ಕೂ ಬ್ಲೇಡೇ ಹೌದಾ ಎಂದು ನೋಡಿಕೊಳ್ಳಿ. ರಬ್ಬರ್‌ನ ತೆಳು ಅಂಚು ವೈಪರ್ ಚಲಿಸುವ ದಿಕ್ಕಿಗೆ ಬೆನ್ನು ಹಾಕಿ ಸ್ವಲ್ಪ ವಾಲಿಕೊಂಡು ನೀರು ಒರೆಸುತ್ತದೆ. ವೈಪರ್ ವಾಪಸ್ ಹೊರಟಾಗ ಆ ಅಂಚೂ ಮಗ್ಗುಲು ಬದಲಿಸಬೇಕು. ಬಿಸಿಲಿಗೆ ಒಣಗಿ ಗಡುಸಾದ ರಬ್ಬರ್‌ಗೆ ಅದು ಆಗುವುದಿಲ್ಲ. ಒಂದೇ ಕಡೆ ಮಡಿಚಿಕೊಂಡು ಗಾಜಿನ ಮೇಲೆ ಕುಪ್ಪಳಿಸುತ್ತಾ ಹೋಗುತ್ತದೆ. ‘ಟರ್ ಟರ್’ ಸದ್ದು ಬರುವುದು ಅದಕ್ಕೇ. ಒಂದೇ ಜಾಗದಲ್ಲಿ ಸಣ್ಣ ಗೆರೆ ಉಳಿಯುತ್ತಿದ್ದರೆ ಅಂಚು ಅಲ್ಲಿ ಹರಿದಿರಬಹುದು, ಇಲ್ಲವೇ ಮರಳಿನ ಕಣ ಸಿಕ್ಕಿಕೊಂಡಿರಬಹುದು. ಒದ್ದೆ ಬಟ್ಟೆಯಿಂದ ಅಂಚನ್ನು ಉದ್ದಕ್ಕೂ ಒರೆಸಿ, ಬೆರಳಾಡಿಸಿ ನೋಡಿದರೆ ತಿಳಿಯುತ್ತದೆ. ಇಡೀ ಗಾಜೇ ಮಸುಕಾಗುತ್ತಿದ್ದರೆ ಹೆಚ್ಚಿನ ಪಾಲು ತಪ್ಪು ಬ್ಲೇಡಿನದಲ್ಲ, ಗಾಜಿನ ಮೇಲೆ ಕೂತ ಎಣ್ಣೆ ಜಿಡ್ಡಿನದು ಅಥವಾ ಪಾಲಿಶ್‌ನದು. ಗಾಜು ತೊಳೆಯದೆ ಹೊಸ ಬ್ಲೇಡ್ ಹಾಕಿದರೆ ಅದೂ ಹಾಗೆಯೇ ಮಸುಕು ಮಾಡುತ್ತದೆ.

ಕೊಳ್ಳುವಾಗ ಒಂದು ಜೋಡಿ ಎಂದರೆ ಎರಡೂ ಒಂದೇ ಉದ್ದ ಎಂದುಕೊಳ್ಳಬೇಡಿ. ಬಹಳಷ್ಟು ಕಾರುಗಳಲ್ಲಿ ಡ್ರೈವರ್ ಕಡೆಯದು ಉದ್ದ, ಇನ್ನೊಂದು ಗಿಡ್ಡ. ಅಳತೆ ಕಾರಿನ ಪುಸ್ತಕದಲ್ಲಿರುತ್ತದೆ. ಇಲ್ಲದಿದ್ದರೆ ಹಳೆಯದಕ್ಕೆ ಟೇಪ್ ಹಿಡಿಯಿರಿ. ಉದ್ದವಾದದ್ದು ಹಾಕಿದರೆ ಎರಡೂ ಒಂದಕ್ಕೊಂದು ತಗುಲಬಹುದು, ಇಲ್ಲವೇ ತುದಿ ಗಾಜಿನ ಅಂಚು ದಾಟಿ ಬಡಿಯಬಹುದು.

ಈಗ ಕೆಲಸ. ವೈಪರ್‌ನ ಕಬ್ಬಿಣದ ತೋಳನ್ನು ಗಾಜಿನಿಂದ ಎತ್ತಿ ನಿಲ್ಲಿಸಿ. ಕೆಲವು ಕಾರುಗಳಲ್ಲಿ ತೋಳುಗಳು ಬಾನೆಟ್ ಅಂಚಿನ ಕೆಳಗೆ ಅವಿತಿರುತ್ತವೆ. ಬಲವಂತವಾಗಿ ಎತ್ತಿದರೆ ಬಾನೆಟ್‌ನ ಬಣ್ಣ ಕಿತ್ತುಬರುತ್ತದೆ. ಅಂಥವುಗಳಲ್ಲಿ ಹಲವಕ್ಕೆ ಇಗ್ನಿಷನ್ ಆಫ್ ಮಾಡಿದ ಕೂಡಲೇ ವೈಪರ್ ಸ್ವಿಚ್ ಒತ್ತಿದರೆ ತೋಳುಗಳು ಗಾಜಿನ ನಡುವೆ ಬಂದು ನಿಲ್ಲುವ ಏರ್ಪಾಡು ಇರುತ್ತದೆ. ಪುಸ್ತಕ ನೋಡಿಕೊಳ್ಳಿ.

ಹೆಚ್ಚು ಕಾರುಗಳಲ್ಲಿ ತೋಳಿನ ತುದಿ ಛತ್ರಿಯ ಹಿಡಿಕೆಯಂತೆ ಬಾಗಿದ ಕೊಕ್ಕೆ. ಬ್ಲೇಡನ್ನು ತೋಳಿಗೆ ಅಡ್ಡವಾಗುವಂತೆ ತಿರುಗಿಸಿದರೆ ನಡುವೆ ಉಗುರಿನಷ್ಟು ದೊಡ್ಡ ಪ್ಲಾಸ್ಟಿಕ್ ಲಾಕ್ ಕಾಣುತ್ತದೆ. ಅದನ್ನು ಒತ್ತಿ ಹಿಡಿದು ಬ್ಲೇಡನ್ನು ತೋಳಿನ ಬುಡದ ಕಡೆಗೆ ಜಾರಿಸಬೇಕು. ಎಲ್ಲರೂ ತಡವರಿಸುವುದು ಇಲ್ಲೇ: ಕಳಚುವುದು ಎಂದರೆ ಹೊರಕ್ಕೆ ಎಳೆಯುವುದು ಎಂದುಕೊಂಡು ತುದಿಯ ಕಡೆಗೆ ಜಗ್ಗುತ್ತಾರೆ, ಕೊಕ್ಕೆ ಇನ್ನಷ್ಟು ಬಿಗಿಯಾಗುತ್ತದೆ, ಕೊನೆಗೆ ಸ್ಕ್ರೂಡ್ರೈವರ್ ತಂದು ಲಾಕ್ ಮುರಿಯುತ್ತಾರೆ. ಕೆಳಕ್ಕೆ ಒತ್ತಿ, ತಾನಾಗಿ ಬಿಟ್ಟುಕೊಳ್ಳುತ್ತದೆ. ಬಹಳ ದಿನ ಕೂತ ದೂಳಿದ್ದರೆ ಸ್ವಲ್ಪ ನೀರು ಹಾಕಿ ಅಲ್ಲಾಡಿಸಿ.

ಬ್ಲೇಡ್ ಕೈಗೆ ಬಂದ ಗಳಿಗೆಯಿಂದ ಎಚ್ಚರ ಬೇಕು. ತೋಳಿನ ಬುಡದಲ್ಲಿ ಬಲವಾದ ಸ್ಪ್ರಿಂಗ್ ಇದೆ, ತುದಿಯಲ್ಲಿ ಈಗ ರಬ್ಬರ್ ಇಲ್ಲ, ಬರೀ ಕಬ್ಬಿಣ. ನನ್ನಲ್ಲಿ ಕಲಿತ ಹುಡುಗಿಯೊಬ್ಬಳ ಮನೆಯಲ್ಲಿ ಹೀಗೇ ಎತ್ತಿ ನಿಲ್ಲಿಸಿದ್ದ ಬರಿತೋಳಿಗೆ ಯಾರದೋ ಮೊಣಕೈ ತಾಗಿತು. ಕೊಕ್ಕೆ ಗಾಜಿಗೆ ಬಡಿದ ಜಾಗದಲ್ಲಿ ಸಣ್ಣ ಚುಕ್ಕೆ. ಮಾರನೇ ದಿನದ ಬಿಸಿಲಿಗೆ ಅದು ಬಿರುಕಾಗಿ ಅಡ್ಡಕ್ಕೆ ಓಡಿತು. ಮುಂದಿನ ಗಾಜು ಎರಡು ಗಾಜಿನ ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಅಂಟಿಸಿದ್ದು, ಆದ್ದರಿಂದ ಉದುರಿ ಬೀಳಲಿಲ್ಲ, ಆದರೆ ಪೂರ್ತಿ ಬದಲಿಸಬೇಕಾಯಿತು. ಆದ್ದರಿಂದ ಲಾಕ್ ಮುಟ್ಟುವ ಮೊದಲೇ ದಪ್ಪ ಟವೆಲ್ ಮಡಿಸಿ ಗಾಜಿನ ಮೇಲೆ ಹಾಸಿ, ಬ್ಲೇಡ್ ಕಳಚಿದ ಮೇಲೆ ತೋಳನ್ನು ಮೆಲ್ಲಗೆ ಅದರ ಮೇಲೆ ಮಲಗಿಸಿಬಿಡಿ. ಒಂದು ಕಡೆ ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಕೈ ಹಾಕಿ. ಇನ್ನೊಂದು ಹೇಗಿದೆ ನೋಡಿಕೊಂಡು ಜೋಡಿಸಲೂ ಅನುಕೂಲ.

ಹೊಸದರ ಕಿಂಡಿಯೊಳಗೆ ಕೊಕ್ಕೆ ತೂರಿಸಿ, ಈ ಸಲ ತುದಿಯ ಕಡೆಗೆ ಎಳೆಯಿರಿ. ‘ಟಕ್’ ಎನ್ನಬೇಕು. ಸದ್ದು ಬಾರದಿದ್ದರೆ ಕೂತಿಲ್ಲ ಎಂದೇ ಅರ್ಥ. ಹಾಗೇ ಓಡಿಸಿದರೆ ಜೋರು ಮಳೆಯಲ್ಲಿ ಬ್ಲೇಡ್ ಹಾರಿಹೋಗಿ ಬರಿತೋಳು ಗಾಜು ಕೆರೆಯುತ್ತದೆ. ರಬ್ಬರ್ ಮೇಲೆ ಪ್ಲಾಸ್ಟಿಕ್ ಕವಚವಿದ್ದರೆ ತೆಗೆಯಿರಿ. (ಕವಚ ತೆಗೆಯದೇ ಓಡಿಸಿ ‘ಹೊಸ ಬ್ಲೇಡೂ ಸರಿಯಿಲ್ಲ’ ಎಂದವರನ್ನು ಕಂಡಿದ್ದೇನೆ.) ತೋಳನ್ನು ಕೈಯಲ್ಲೇ ಹಿಡಿದು ಇಳಿಸಿ, ಗಾಜಿಗೆ ನೀರು ಚಿಮ್ಮಿಸಿ ಒಮ್ಮೆ ಓಡಿಸಿ ನೋಡಿ. ಒಣ ಗಾಜಿನ ಮೇಲೆ ಬೇಡ.

ಎಲ್ಲ ಕಾರಿಗೂ ಕೊಕ್ಕೆಯೇ ಇರುವುದಿಲ್ಲ, ನಿಜ. ಗುಂಡಿ ಒತ್ತುವವು, ಎರಡು ಪಕ್ಕ ಹಿಚುಕುವವು, ಅಡ್ಡ ಪಿನ್ನಿನವು ಇವೆ. ಹೊಸ ಬ್ಲೇಡಿನ ಪೊಟ್ಟಣದಲ್ಲಿ ಎಷ್ಟೋ ಸಲ ಎರಡು ಮೂರು ಬಗೆಯ ಕ್ಲಿಪ್ ಇರುತ್ತವೆ. ಹಳೆಯದನ್ನು ಎಸೆಯದೆ ಪಕ್ಕಕ್ಕಿಟ್ಟು ಹೋಲಿಸಿದರೆ ಸಾಕು.

ಮೇರಿ ಆಂಡರ್ಸನ್ ಎಂಬ ಅಮೆರಿಕದ ಮಹಿಳೆ 1903ರಲ್ಲಿ ವೈಪರ್‌ಗೆ ಪೇಟೆಂಟ್ ಪಡೆದರು. ಒಳಗೆ ಕೂತವರೇ ಕೈಯಿಂದ ಲಿವರ್ ತಿರುಗಿಸಬೇಕಿದ್ದ ಸಾಧನ ಅದು. ಹವೆ ಚೆನ್ನಾಗಿದ್ದಾಗ ಸುಲಭವಾಗಿ ಕಳಚಿಡಬಹುದು ಎಂಬುದನ್ನೂ ಆಕೆ ಪೇಟೆಂಟ್‌ನಲ್ಲೇ ಬರೆದಿದ್ದರು. ಅಂದೇ ಕೈಯಲ್ಲಿ ಕಳಚಲು ಬರುತ್ತಿದ್ದುದನ್ನು ಇಂದು ಮೆಕ್ಯಾನಿಕ್‌ಗೆ ಒಪ್ಪಿಸಿ ಎನ್ನುವುದು ನನಗೇನೋ ಒಪ್ಪಿಗೆಯಾಗದು.

ನಿಮ್ಮಲ್ಲಿ ವಿನಂತಿ: ಮುಂದಿನ ಪುರವಣಿಯಲ್ಲಿ ಈ ಲಾಕ್‌ಗಳ ಚಿತ್ರ ಹಾಕಿ. ಫೋಟೊ ಬೇಡ. ಕಪ್ಪು ಬ್ಲೇಡಿನ ಮೇಲಿನ ಕಪ್ಪು ಲಾಕ್ ಪತ್ರಿಕೆಯ ಫೋಟೊದಲ್ಲಿ ಕಾಣುವುದೇ ಇಲ್ಲ, ಗೆರೆಚಿತ್ರವೇ ಆಗಬೇಕು. ಯಾವ ಕಡೆಗೆ ಒತ್ತಬೇಕು ಎಂಬುದಕ್ಕೆ ಬಾಣದ ಗುರುತೂ ಇರಲಿ.

ಇತಿ,
ಕಾರು ಕಲಿಸುವ ನಿಮ್ಮ ಓದುಗಿ