ಮಾಚು ಪಿಚುಗೆ ನಡೆದು ಹೊರಟ ಅಣ್ಣನ ಮಗನಿಗೆ

ಬೀದರ್

ಚಿರಂಜೀವಿ ತಮ್ಮಾ,

ನಿನ್ನ ಕಾಕಾನ ಆಶೀರ್ವಾದ. ಇಲ್ಲಿ ಎಲ್ಲರೂ ಆರಾಮ. ಮೇ ತಿಂಗಳಲ್ಲಿ ಪೆರು ದೇಶಕ್ಕೆ ಹೊರಟಿದ್ದೀಯಂತೆ, ಅಲ್ಲಿನ ಹಳೇ ಇಂಕಾ ಜನ ಕಟ್ಟಿದ ಬೆಟ್ಟದೂರು ಮಾಚು ಪಿಚುಗೆ ರೈಲು ಬಿಟ್ಟು ನಾಲ್ಕು ದಿನ ನಡೆದೇ ಹೋಗ್ತೀಯಂತೆ. ಅಣ್ಣ ಹೇಳಿದ. ಅವನಿಗೆ ಚಿಂತೆ, ನನಗೆ ಹೊಟ್ಟೆಕಿಚ್ಚು. ಫೋನಿನಲ್ಲಿ ಹೇಳಿದರೆ ‘ಹೂಂ ಕಾಕಾ, ಹೂಂ ಕಾಕಾ’ ಅಂತ ಇಟ್ಟುಬಿಡುತ್ತೀ. ಅದಕ್ಕೇ ಕಾಗದ.

ಮೊದಲು ನನ್ನ ದಡ್ಡತನ ಕೇಳು. ಆಗ ನನಗೆ 24 ವರ್ಷ. ಕೆಲಸದ ಮೇಲೆ ಯಾದಗಿರಿಗೆ ಹೋದವನು ಗೆಳೆಯರ ಜೊತೆ ಕೋಟೆ ಗುಡ್ಡ ಹತ್ತಿದೆ. ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ಯಾರು ಮೊದಲು ಅಂತ ಪಂದ್ಯ. ನಾನೇ ಗೆದ್ದೆ. ಕೊನೆಯ ತಿರುವಿನಲ್ಲಿ ಎಡ ಮೊಣಕಾಲು ಕಟ್ ಅಂತು. ಮದುವೆ ಪಂಕ್ತಿಯಲ್ಲಿ ಎಲ್ಲರೂ ನೆಲಕ್ಕೆ ಕೂತರೆ ನನಗೊಬ್ಬನಿಗೆ ಖುರ್ಚಿ ಹಾಕುತ್ತಾರಲ್ಲ, ಅದು ಆ ಪಂದ್ಯದ ಬಹುಮಾನ.

ನಿನ್ನ ದಾರಿ ಸುಮಾರು 42 ಕಿಲೋಮೀಟರ್. ಎರಡನೇ ದಿನದ ಏರಿನ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಮೂರನೇ ದಿನದ ಇಳಿತದ ಬಗ್ಗೆ ನಾನು ಹೆದರಿಸುತ್ತೇನೆ. ಇಂಕಾ ಜನ ಹಾಸಿದ ಕಲ್ಲಿನ ಮೆಟ್ಟಿಲು ಸಾವಿರಗಟ್ಟಲೆ, ಒಂದು ಗಿಡ್ಡ, ಒಂದು ಎತ್ತರ. ಕೋಲು ಒಯ್ಯಿ. ತುದಿಗೆ ರಬ್ಬರ್ ಇರಲೇಬೇಕು, ಇಲ್ಲದಿದ್ದರೆ ಬಿಡುವುದಿಲ್ಲ. ಹೊಸ ಬೂಟು ಈಗಲೇ ತಗೊಂಡು ಆಫೀಸಿಗೂ ಅದನ್ನೇ ಹಾಕಿಕೊಂಡು ಹೋಗು, ನಕ್ಕರೆ ನಗಲಿ. ಲಿಫ್ಟ್ ಬಿಡು. ಬ್ಯಾಗಿನಲ್ಲಿ ನೀರಿನ ಬಾಟಲಿ ತುಂಬಿಕೊಂಡು ಮೆಟ್ಟಿಲು ಹತ್ತು, ಅದಕ್ಕಿಂತ ಜಾಸ್ತಿ ಸಲ ಇಳಿ.

ಇನ್ನು ಎತ್ತರದ ಮಾತು. ಇದನ್ನು ಎರಡು ಸಲ ಓದು. ನಮ್ಮ ಬೀದರ್ ಸುಮಾರು 700 ಮೀಟರ್ ಎತ್ತರದಲ್ಲಿದೆ, ನಿನ್ನ ಬೆಂಗಳೂರು 900. ನೀನು ವಿಮಾನ ಇಳಿಯುವ ಕುಸ್ಕೊ ಊರು 3,400 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟಕ್ಕಿಂತ ಮೂರನೇ ಒಂದು ಭಾಗದಷ್ಟು ಕಮ್ಮಿ. ತಲೆನೋವು, ವಾಕರಿಕೆ, ರಾತ್ರಿ ನಿದ್ದೆ ಬಾರದಿರುವುದು, ಇವೆಲ್ಲ ಆಗಬಹುದು. ಜಿಮ್ ಮಾಡಿದ ಮೈ, ಚಿಕ್ಕ ವಯಸ್ಸು, ಯಾವುದೂ ಅದರ ಮುಂದೆ ನಡೆಯುವುದಿಲ್ಲ. ಎರಡು ಮೂರು ದಿನ ಅಲ್ಲಿ ಸುಮ್ನೆ ಇರು. ಕುಡಿತ ಬೇಡ. (ನನಗೆ ಗೊತ್ತಿಲ್ಲ ಅಂದುಕೊಂಡಿದ್ದೀಯಾ?) ಮಾತ್ರೆ ಬೇಕೋ ಬೇಡವೋ ಅಂತ ಇಲ್ಲೇ ಡಾಕ್ಟರನ್ನು ಕೇಳಿಕೊಂಡು ಹೋಗು.

ಎರಡನೇ ದಿನದ ತುದಿ 4,215 ಮೀಟರ್. ಅದರ ಹೆಸರು ವಾರ್ಮಿ ವಾನ್ಯುಸ್ಕ. ಅಲ್ಲಿನ ಕೆಚುವಾ ಭಾಷೆಯಲ್ಲಿ ‘ಸತ್ತ ಹೆಂಗಸು’ ಅಂತ ಅರ್ಥ. ಬೆಟ್ಟದ ಸಾಲು ಮಲಗಿದ ಹೆಂಗಸಿನ ಹಾಗೆ ಕಾಣುತ್ತದಂತೆ, ಬೇರೇನಲ್ಲ. ನಿಮ್ಮವ್ವನಿಗೆ ಮಾತ್ರ ಈ ಹೆಸರು ಹೇಳಬೇಡ. ಹತ್ತುವಾಗ ತಲೆ ಸಿಡಿದು ವಾಂತಿ ಬಂದರೆ ಗೈಡಿಗೆ ಹೇಳಿ ನಿಂತುಬಿಡು. ಕೂತಲ್ಲೇ ಏದುಸಿರು ಬಂದರೆ, ಹೆಜ್ಜೆ ತಡವರಿಸಿದರೆ ಆಗಲೇ ಕೆಳಗೆ ಇಳಿ. ದುಡ್ಡು ಕೊಟ್ಟಿದ್ದೇನೆ, ರಜೆ ಹಾಕಿದ್ದೇನೆ ಅಂತ ಲೆಕ್ಕ ಹಾಕಬೇಡ. ಮಾಚು ಪಿಚು 2,430 ಮೀಟರಿನಲ್ಲಿದೆ, ಕುಸ್ಕೊಗಿಂತ ಕೆಳಗೆ. ರೈಲಿನಲ್ಲಿ ಹೋದರೂ ಅದೇ ಊರು ಕಾಣುತ್ತದೆ.

ನಮ್ಮಲ್ಲಿ ಮೇ ಅಂದರೆ ಬೆಂಕಿ. ಅಲ್ಲಿ ಚಳಿಗಾಲದ ಬಾಗಿಲು. ಟೆಂಟಿನಲ್ಲಿ ರಾತ್ರಿ ನಡುಗುತ್ತೀ. ಕಿವಿ ಮುಚ್ಚುವ ಟೋಪಿ ಒಯ್ಯಿ. ಒಂದು ದಿನಕ್ಕೆ 500 ಜನರಿಗಷ್ಟೇ ಪರ್ಮಿಟ್, ಅದರಲ್ಲೇ ಗೈಡು, ಹೊರೆಯಾಳುಗಳೂ ಸೇರಿದರು. ಬುಕ್ ಮಾಡುವಾಗ ಕೊಟ್ಟ ಪಾಸ್‌ಪೋರ್ಟೇ ಕೈಯಲ್ಲಿರಲಿ.

ಆ ಹೊರೆಯಾಳುಗಳ ಬಗ್ಗೆ ಒಂದು ಮಾತು. ನಿನ್ನ ಟೆಂಟು, ಅಡುಗೆ ಪಾತ್ರೆ, ಗ್ಯಾಸು ಎಲ್ಲ ಅವರ ಬೆನ್ನ ಮೇಲೆ. ಒಬ್ಬನಿಗೆ 20 ಕೆಜಿ ಮೀರಬಾರದು ಅಂತ ಅಲ್ಲಿ ನಿಯಮ ಇದೆ, ಹೊರಡುವಾಗ ತೂಗುತ್ತಾರೆ. ನೀನು ಎರಡು ಹೆಚ್ಚಿನ ಜೀನ್ಸ್ ತುರುಕಿದರೆ ಅದೂ ಯಾರದೋ ಬೆನ್ನಿಗೇ. ಅವರು ಹಿಂದಿನಿಂದ ಓಡಿ ಬಂದಾಗ ಬೆಟ್ಟದ ಗೋಡೆ ಕಡೆ ಸರಿದು ನಿಲ್ಲು, ಕಮರಿ ಕಡೆ ಅಲ್ಲ. ಹೆಸರು ಕೇಳು. ಕೊನೆಗೆ ಕೊಡುವ ಭಕ್ಷೀಸು ಅವರ ಕೈಗೇ ಕೊಡು. 40 ವರ್ಷ ಗೌಂಡಿಗಳ ಜೊತೆ ಕೆಲಸ ಮಾಡಿಸಿದವನು ನಾನು. ನಡುವಿನವನ ಕೈಗೆ ಕೊಟ್ಟ ದುಡ್ಡು ಎಷ್ಟು ಕೆಳಗೆ ಇಳಿಯುತ್ತದೆ ಅಂತ ನೋಡಿದ್ದೇನೆ.

ಅಲ್ಲಿ ಕೋಕಾ ಎಲೆಯ ಚಹಾ ಕೊಡುತ್ತಾರೆ. ಅವರ ನೆಲದಲ್ಲಿ ಅದು ನಮ್ಮ ಸುಲೇಮಾನಿ ಇದ್ದ ಹಾಗೆ. ಕುಡಿ. ಆದರೆ ಒಂದು ಎಲೆಯೂ ಬ್ಯಾಗಿನಲ್ಲಿ ಬರಬಾರದು, ನಮ್ಮಲ್ಲಿ ಅದು ಜೈಲಿನ ಕೇಸು. ನಿಮ್ಮ ಕಾಕು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟುತ್ತಾಳಂತೆ. ಶೇಂಗಾ, ಮೆಣಸಿನಕಾಯಿ ಎರಡೂ ನಮ್ಮ ನೆಲಕ್ಕೆ ಬಂದದ್ದೇ ಆ ಕಡೆಯ ಅಮೆರಿಕ ಖಂಡಗಳಿಂದ ಅಂದೆ. ‘ಹಾಗಾದರೆ ತವರಿಗೆ ಹೋಗಿ ಬರಲಿ’ ಅಂದಳು. ಒಳಗೆ ಬಿಡುತ್ತಾರೋ ಇಲ್ಲವೋ ಕೇಳಿಕೊ.

ನಾಲ್ಕನೇ ದಿನ ನಸುಕಿನಲ್ಲಿ ಎಲ್ಲರೂ ಇಂತಿ ಪುಂಕು ಅನ್ನುವ ಸೂರ್ಯನ ಬಾಗಿಲಿಗೆ ಓಡುತ್ತಾರೆ. ಓಡಬೇಡ. ಊರು 1450ರ ಸುಮಾರಿಗೆ ಕಟ್ಟಿದ್ದು, ಪಚಕೂತಿ ಅನ್ನುವ ಅರಸನ ಕಾಲದ್ದು. ನೀನು ಅರ್ಧ ಗಂಟೆ ತಡವಾದರೆ ಅದೇನೂ ಎದ್ದು ಹೋಗುವುದಿಲ್ಲ. 1911ರಲ್ಲಿ ಬಿಂಗಮ್ ಎಂಬ ಅಮೆರಿಕದವನು ‘ಕಂಡುಹಿಡಿದ’ ಅಂತ ಬರೆಯುತ್ತಾರೆ. ಅವನು ಹೋದಾಗ ಅಲ್ಲಿ ರೈತರ ಮನೆಗಳಿದ್ದವು, ಪಾಳು ಊರನ್ನು ತೋರಿಸಿದ್ದು ಆ ಮನೆಯ ಒಬ್ಬ ಹುಡುಗ. ಫೋಟೊ ಹಾಕುವಾಗ ಆ ಪದ ಬಿಟ್ಟು ಬರೆ.

ನೀರು ನೋಡು. ಊಟೆಯ ನೀರನ್ನು ಕಲ್ಲಿನ ಕಾಲುವೆಯಲ್ಲಿ ತಂದು, ಒಂದರ ಕೆಳಗೊಂದು 16 ಕಡೆ ಧುಮುಕಿಸಿದ್ದಾರೆ. ಮೊದಲ ಧಾರೆ ಅರಸನ ಮನೆ ಪಕ್ಕ, ಕೇಳಬೇಕಾ! ಚಿಕ್ಕವನಿದ್ದಾಗ ನಿನ್ನನ್ನು ನೌಬಾದಿನ ಕರೇಜ್, ಅದೇ ನೆಲದಡಿಯ ಹಳೇ ನೀರಿನ ಕಾಲುವೆ, ತೋರಿಸಲು ಕರೆದೊಯ್ದಿದ್ದೆ, ನೀನು ಕತ್ತಲು ಅಂತ ಅತ್ತಿದ್ದೆ. ನಮ್ಮವರು ನೆಲದೊಳಗೆ ನೀರು ಹರಿಸಿದರು, ಅವರು ಬೆಟ್ಟದ ನೆತ್ತಿಯಲ್ಲಿ.

ಕಲ್ಲು ಮುಟ್ಟಬೇಡ, ಒರಗಬೇಡ. ನಮ್ಮ ಕೋಟೆಯ ಗೋಡೆಗಳ ಮೇಲೆ ಮೊಳೆಯಿಂದ ಗೀರಿದ ಹೆಸರು, ಹೃದಯ, ಬಾಣ ಎಲ್ಲ ನೋಡಿದ್ದೀ. ಇಲ್ಲಿನ ಜಂಬಿಟ್ಟಿಗೆಗೆ ಗಚ್ಚು ಹಾಕಿ ಕಟ್ಟಿದ್ದಾರೆ. ಅಲ್ಲಿನ ಒಳ್ಳೆ ಗೋಡೆಗಳಲ್ಲಿ ಗಚ್ಚೇ ಇಲ್ಲ. ಕಬ್ಬಿಣದ ಉಳಿಯೂ ಇರಲಿಲ್ಲ, ಕಲ್ಲಿನಿಂದಲೇ ಕಲ್ಲು ಕುಟ್ಟಿ, ಉಜ್ಜಿ ಕೂರಿಸಿದ್ದು. ಬಾಗಿಲು ಕೆಳಗೆ ಅಗಲ, ಮೇಲೆ ಕಿರಿದು. ಭೂಕಂಪದ ನೆಲದಲ್ಲಿ ಇನ್ನೂ ನಿಂತಿವೆ.

ನಿನ್ನ ಸೆಲ್ಫಿ ನನಗೆ ಬೇಡ. ಎರಡು ಕಲ್ಲು ಕೂಡುವ ಸಂದಿಯದು ಒಂದೇ ಫೋಟೊ ಕಳಿಸು. ಹತ್ತಿರದಿಂದ, ಬೆಳಗಿನ ಓರೆ ಬಿಸಿಲಿನಲ್ಲಿ. ಗಾತ್ರ ಗೊತ್ತಾಗಲಿ, ನಿನ್ನ ಬೆರಳು ಪಕ್ಕದಲ್ಲಿ ಹಿಡಿ, ಕಲ್ಲಿಗೆ ತಾಗಿಸದೆ.

ನಿನ್ನ
ಕಾಕಾ