ನಮ್ಮ ಇಪ್ಪತ್ತೆರಡು ಅಕ್ಕಂದಿರಿಗೆ

ಮೊನ್ನೆ ಶುಕ್ರವಾರ ಮುಂಡರಗಿಯಲ್ಲಿ ಊರೂರಿನ ಆರೋಗ್ಯ ನೋಡಿಕೊಳ್ಳುವ ಆಶಾ ಕಾರ್ಯಕರ್ತೆಯರ ನಮ್ಮ ತರಬೇತಿಯ ಮೊದಲ ತಂಡ ಒಂದು ವರ್ಷ ಮುಗಿಸಿತು. ಇಪ್ಪತ್ತೆರಡು ಮಂದಿ ಸೇರಿದ್ದರು, ಇಪ್ಪತ್ತೆರಡೂ ಮಂದಿ ಕೊನೆಯತನಕ ಬಂದರು. ಸುಗ್ಗಿಯಲ್ಲೂ ತಪ್ಪಿಸಲಿಲ್ಲ. ಅಂದು ಮೈಕ್ ಮುಂದೆ ನನಗೆ ಮಾತೇ ಹೊರಡಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಶರಣು ಕಪ್ಪತಗುಡ್ಡದ ಬುಡದ ಊರಿನ ಹಿರಿಯ ಅಕ್ಕನಿಗೆ. ಮೂರು ದಿನ ನಾನು ಬೋರ್ಡಿನ ಮುಂದೆ ನಿಂತು ರಕ್ತಹೀನತೆಯ ಪಾಠ ಮಾಡಿದ್ದೆ: ಬಸುರಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಇಳಿಯಬಾರದು, ಕಬ್ಬಿಣದ ಗುಳಿಗೆ ದಿನಕ್ಕೊಂದರಂತೆ 180 ದಿನ. ನಾಲ್ಕನೆಯ ದಿನ ಆಕೆ ಎದ್ದು ನಿಂತರು. "ಮೇಡಂ, ಇದನ್ನ ಎಷ್ಟೋ ಸಲ ಬರಕೊಂಡೇವ್ರಿ. ಗುಳಿಗಿ ಮನಿಮನಿಗೆ ಕೊಟ್ಟೂ ಬರ್ತೀವಿ. ಅವು ಗಾದಿ ಬುಡಕ ಇರ್ತಾವ. ಯಾಕ ಅಂತ ನಮ್ಮನ್ನ ಒಮ್ಮೆರ ಕೇಳ್ರಿ."

ಕೇಳಿದೆ. ನುಂಗಿದರೆ ಹೊಟ್ಟೆ ತೊಳಸುತ್ತದೆ ಎಂದರು ಒಬ್ಬರು. ಯಾಕ? ಖಾಲಿ ಹೊಟ್ಟೆಯಲ್ಲಿ ನುಂಗುತ್ತಾಳೆ. ಯಾಕ? ಆಕೆ ಉಣ್ಣುವುದೇ ಎಲ್ಲರದೂ ಆದಮೇಲೆ. ಆಗ ಆ ಅಕ್ಕ ಚೀಲದಿಂದ ಹಿಡಿ ಜೋಳ ತೆಗೆದು ನೆಲದ ಮೇಲೆ ಗುಂಪು ಗುಂಪಾಗಿ ಇಟ್ಟರು. ರೊಟ್ಟಿಗೊಂದು ಕಾಳು. ಮಾವನ ಗುಂಪು, ಗಂಡನ ಗುಂಪು, ಮಕ್ಕಳದು, ಅತ್ತೆಯದು. ಸೊಸೆಯ ಪಾಲಿಗೆ ಉಳಿದದ್ದು ಎರಡು ಕಾಳು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕಡೆಗೆ ಮೂಲೆಯಲ್ಲಿದ್ದ ಎಳೆಯ ಹುಡುಗಿ, "ಹಂಗಾರ ನಾವು ಮಾತಾಡಬೇಕಾದ್ದು ಸೊಸಿ ಜೋಡಿ ಅಲ್ಲ, ಅತ್ತಿ ಜೋಡಿ" ಎಂದಳು.

ಕಲಿಯುವವರ ಬದುಕೇ ಪಾಠವಾಗಬೇಕು ಎಂಬುದನ್ನು ನಾನು ಓದಿದ್ದೆ. 1963ರಲ್ಲಿ ಬ್ರೆಜಿಲ್ ದೇಶದ ಆಂಜಿಕೋಸ್ ಊರಲ್ಲಿ ಶಿಕ್ಷಣ ಚಿಂತಕ ಪಾವ್ಲೊ ಫ್ರೇರೆ ಸುಮಾರು 300 ದುಡಿಮೆಗಾರರಿಗೆ ಅವರ ದಿನನಿತ್ಯದ ಮಾತುಗಳಿಂದಲೇ ಅಕ್ಷರ ಕಲಿಸಿದ್ದು ನನಗೆ ಗೊತ್ತಿತ್ತು. ಕಣ್ಣಾರೆ ಕಂಡದ್ದು ಮಾತ್ರ ಆ ಜೋಳದ ಕಾಳುಗಳಲ್ಲಿ.

ಆಮೇಲೆ ಜೋಳದ ಪಾಠ ಅತ್ತೆಯರ ಕಟ್ಟೆಗೇ ಹೋಯಿತು. ಗುಳಿಗೆ ನುಂಗಿದರೆ ಕೂಸು ದಪ್ಪಾಗಿ ಹಡೆಯುವುದು ಕಷ್ಟ ಎಂಬ ಭಯ ಅಲ್ಲಿಯೇ ಹೊರಬಿತ್ತು. ಗುಳಿಗೆಯ ಬೆನ್ನಿಗೇ ಚಹಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ಲಿಂಬೆಹಣ್ಣು ಹಿಂಡಿದ ಊಟ ಒಳ್ಳೆಯದು ಎಂಬುದನ್ನೂ ಅಕ್ಕಂದಿರು ಅಲ್ಲಿಯೇ ಹೇಳಿಬಂದರು. ಈಗ ಒಂದು ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಅತ್ತೆಯೇ ಗುಳಿಗೆ ಕೈಗಿಡುತ್ತಾಳಂತೆ. ಅದನ್ನು ಕೇಳಿದ ದಿನ ನಾನು ಅತ್ತುಬಿಟ್ಟೆ.

ರೊಟ್ಟಿ, ಪುಂಡಿಪಲ್ಯ ಮಾಡಿಕೊಟ್ಟ ಸ್ವಸಹಾಯ ಸಂಘದವರಿಗೆ, ಸಂಜೆ ಕೈಮಾಡಿದಲ್ಲಿ ಬಸ್ ನಿಲ್ಲಿಸಿದ ಡ್ರೈವರಣ್ಣನಿಗೆ, ಅಕ್ಕಂದಿರ ಕೂಸುಗಳನ್ನು ನೋಡಿಕೊಂಡ ಮನೆಯವರಿಗೆ ನಾನು ಋಣಿ. ಬಾಣಂತಿಯ ಮನೆಗೆ 3, 7, 14, 21, 28, 42ನೆಯ ದಿನ ಬಿಸಿಲು ಮಳೆ ಎನ್ನದೆ ನಡೆಯುವ ಈ ಹೆಣ್ಣುಮಕ್ಕಳನ್ನು 2005ರಲ್ಲಿ ಶುರುವಾದ ಆಶಾ ಯೋಜನೆ ಇಂದಿಗೂ ಸ್ವಯಂಸೇವಕಿಯರೆಂದೇ ಕರೆಯುತ್ತದೆ. ಇವರಿಗೆ ಸಲ್ಲಬೇಕಾದದ್ದು ಸಂಬಳ, ಪ್ರೋತ್ಸಾಹಧನವಲ್ಲ.

ಮುಂದಿನ ತಂಡ ಶಿರಹಟ್ಟಿಯಲ್ಲಿ. ಮೊದಲ ದಿನ ಮಾತು ಶುರು ಮಾಡುವವರು ಆ ಹಿರಿಯ ಅಕ್ಕನೇ, ನಾನು ಹಿಂದೆ ಕೂರುತ್ತೇನೆ. ಅಕ್ಕಾರ, ಬರೂವಾಗ ಜೋಳ ಮರೀಬ್ಯಾಡ್ರಿ.